ಮೊದಲ ಕಯಾಕ್ ಕೊಳ್ಳಬೇಕು: ಕೂತು ಗಾಳ ಹಾಕೋಕೆ ಮಗುಚದಂಥದ್ದು ಯಾವುದು?

ನವಿಲುಗರಿ ಬೆಂಡು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗಾಳ ಹಾಕುವುದು ನನಗೆ ಅಪ್ಪನಿಂದ ಬಂದದ್ದು. ಭಾನುವಾರ ಹರಿಹರಕ್ಕೆ ಹೋಗಿ ಹೊಳೆ ದಡದಲ್ಲಿ ಕೂರುತ್ತಿದ್ದೆವು. ಬಿದಿರು ಕೋಲು, ತಂಗೂಸಿ ದಾರ, ನವಿಲುಗರಿ ದಂಟಿನ ಬೆಂಡು. ಬೆಂಡು ಮುಳುಗಿದ ಕೂಡಲೇ ಅಪ್ಪ ನನ್ನ ಮೊಣಕೈ ಮುಟ್ಟುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವರು ಹೋಗಿ ಆರು ವರ್ಷ ಆಯಿತು. ಈಗ ನನ್ನ ಜೊತೆ ಮಗಳು ಬರುತ್ತಾಳೆ. ಅವಳಿಗೆ 11 ವರ್ಷ.

ದಡದಿಂದ ಹಾಕುವುದು ಈಗ ಸಾಕಾಗಿದೆ. ನಾವು ಹೋಗುವ ಕೆರೆಗಳಲ್ಲಿ ಅಂಚಿಗೆ ಇಪ್ಪತ್ತು ಮೂವತ್ತು ಅಡಿ ಜೊಂಡು ಬೆಳೆದಿರುತ್ತದೆ. ಮೀನು ಇರುವುದು ಅದರ ಆಚೆ. ಹೋದ ರಜೆಯಲ್ಲಿ ಸಾಲಿಗ್ರಾಮದ ಹತ್ತಿರ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಒಂದು ಗಂಟೆ ಕಯಾಕಿನಲ್ಲಿ, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿಯಲ್ಲಿ, ಕೂತಿದ್ದೆವು. ಇಳಿಯುವಾಗ ಮಗಳು ಕೇಳಿದ್ದು ಒಂದೇ ಮಾತು, "ಅಪ್ಪಾ, ನಮ್ಮ ಕೆರೆಗೂ ಇದು ಬರುತ್ತಲ್ವಾ?"

ನನ್ನ ವಿವರ: ತೂಕ 88 ಕೆಜಿ, ಎತ್ತರ 5 ಅಡಿ 7 ಇಂಚು. ಬಲಗಾಲಿನ ಮಂಡಿ ನೋವಿದೆ. ಬಾವಿಯಲ್ಲಿ ಕಲಿತ ಈಜು ಬರುತ್ತದೆ. ಮಗಳು 32 ಕೆಜಿ, ಈಜು ತರಗತಿಗೆ ಹೋಗುತ್ತಾಳೆ. ಮನೆ ಮೊದಲ ಮಹಡಿಯಲ್ಲಿ. ಕಾರು ವ್ಯಾಗನ್ ಆರ್. ಖರ್ಚಿಗೆ 40 ಸಾವಿರದವರೆಗೆ ಇಟ್ಟುಕೊಂಡಿದ್ದೇನೆ. ಕುಂದವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಅಲ್ಲಿ ಇಳಿಸುವ ಯೋಚನೆ ಇಲ್ಲ. ಸೂಳೆಕೆರೆ, ಮಾರಿಕಣಿವೆ, ಚನ್ನಗಿರಿ ಕಡೆಯ ಸಣ್ಣ ಕೆರೆಗಳು ಮನಸ್ಸಿನಲ್ಲಿವೆ.

ಬೆಂಗಳೂರಿನಲ್ಲಿ ಒಬ್ಬರು ಹಳೆಯದೊಂದು ಮಾರುತ್ತಿದ್ದಾರೆ. ಫೈಬರ್, ಉದ್ದ 14 ಅಡಿ, ಅಗಲ 23 ಇಂಚು, ಒಳಗೆ ಕಾಲು ತೂರಿಸಿ ಕೂರುವಂಥದ್ದು. 22 ಸಾವಿರ ಅನ್ನುತ್ತಾರೆ. ಫೋಟೋದಲ್ಲಿ ಬಹಳ ಚೆಂದ ಇದೆ. ಇನ್ನೊಂದು ಕಡೆ, ಗಾಳಿ ತುಂಬಿಸುವ ಅಗಲದ್ದು ತಗೊಳ್ಳಿ ಅನ್ನುತ್ತಾರೆ. ಯಾವುದು ಮಗುಚುವುದಿಲ್ಲ? ಮಗಳನ್ನು ಕೂರಿಸಿಕೊಂಡು ಹೋಗುವ ವಿಷಯ, ಅದಕ್ಕೇ ಕೇಳುತ್ತಿದ್ದೇನೆ.

ಮಾರಿಕಣಿವೆ ಗಾಳಿ (ಹಿರಿಯೂರು)

ಸರ್, ಮೊದಲು ಆ 23 ಇಂಚಿನದ್ದನ್ನು ಬಿಟ್ಟುಬಿಡಿ. ಕಯಾಕ್ ಕೆಟ್ಟದ್ದಲ್ಲ, ನಿಮ್ಮ ಕೆಲಸಕ್ಕೆ ಮಾಡಿದ್ದಲ್ಲ. ಅದು ದಿನವಿಡೀ ಹುಟ್ಟು ಹಾಕಿಕೊಂಡು ದೂರ ಹೋಗುವವರ ಕಯಾಕ್. ಅವರ ಮುಖ ಯಾವಾಗಲೂ ಮುಂದಕ್ಕೆ ಇರುತ್ತದೆ, ಸೊಂಟ ಸಡಿಲ ಬಿಟ್ಟು ಅಲೆಯ ಜೊತೆ ಹೋಗುತ್ತಾರೆ. ಗಾಳ ಹಾಕುವ ನಾವು ಹಾಗಲ್ಲ. ಸುಮ್ನೆ ಕೂರುತ್ತೇವೆ, ಹಿಂದಕ್ಕೆ ತಿರುಗುತ್ತೇವೆ, ಪಕ್ಕಕ್ಕೆ ಬಗ್ಗುತ್ತೇವೆ, ಮೀನು ಬಂದಾಗ ಮೈಮರೆಯುತ್ತೇವೆ.

ನನ್ನ ಅನುಭವ ಹೇಳುತ್ತೇನೆ, ಉದ್ದ ಆದರೂ ಓದಿ. ಐದು ವರ್ಷದ ಹಿಂದೆ ನಾನೂ ಒಳಗೆ ಕೂರುವಂಥದ್ದನ್ನೇ ಕೊಂಡಿದ್ದೆ, ಅಗಲ 25 ಇಂಚು. ಮೂರನೇ ಸಲ ಇಳಿಸಿದ ದಿನ ಹಿನ್ನೀರಿನಲ್ಲಿ ಒಳ್ಳೆಯ ಕಾಟ್ಲಾ ಸಿಕ್ಕಿತು. ಪಕ್ಕಕ್ಕೆ ಎಳೆದುಕೊಂಡೆ. ಎಡಗೈಯಲ್ಲಿ ರಾಡ್. ಕೈಬಲೆ ಹಿಂದೆ ಇತ್ತು, ಬಲಗೈ ಹಿಂದಕ್ಕೆ ಚಾಚಿದೆ. ಬೆರಳಿಗೆ ಬಲೆಯ ಹಿಡಿ ತಾಗಿತು, ಹಿಡಿತಕ್ಕೆ ಬರಲಿಲ್ಲ. ಇನ್ನು ಒಂದು ಗೇಣು ಬಗ್ಗಿದೆ. ನನ್ನ ತಲೆ ಕಯಾಕಿನ ಅಂಚು ದಾಟಿತು. ಅಷ್ಟೇ. ಕಿವಿಯಲ್ಲಿ ನೀರು, ಕಣ್ಣ ಮುಂದೆ ಹಸಿರು.

ಲೈಫ್ ಜಾಕೆಟ್ ಇತ್ತು, ಮೇಲೆ ಬಂದೆ. ಕಯಾಕನ್ನು ಮೇಲ್ಮುಖ ಮಾಡಿದೆ, ಆದರೆ ಒಳಗೆ ಪೂರ್ತಿ ನೀರು. ಸ್ನಾನದ ತೊಟ್ಟಿ ತುಂಬಿ ತೇಲಿಬಿಟ್ಟ ಹಾಗೆ ಕಾಣುತ್ತಿತ್ತು. ಹತ್ತಲು ಹೋದರೆ ಮತ್ತೆ ಮಗುಚುತ್ತಿತ್ತು. ನಾಲ್ಕು ಸಲ ಪ್ರಯತ್ನಿಸಿ ಬಿಟ್ಟೆ. ಒಂದು ಕೈಯಲ್ಲಿ ಅದನ್ನು ಹಿಡಿದು ಕಾಲು ಬಡಿಯುತ್ತಾ ದಡಕ್ಕೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ದಡದಲ್ಲಿ ಮೇಕೆ ಕಾಯುತ್ತಿದ್ದ ಅಜ್ಜ ತನ್ನ ಕಂಬಳಿ ಕೊಟ್ಟು ಕೂರಿಸಿದ. ಮಾರನೇ ವಾರವೇ ಅದನ್ನು ಮಾರಿದೆ.

ಅದಕ್ಕೆ ನಿಮ್ಮ ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ಮಗುಚಿದರೆ ಮತ್ತೆ ಹತ್ತಲು ಆಗುತ್ತದಾ? ಮಗುಚದ ಕಯಾಕ್ ಅಂತ ಒಂದಿಲ್ಲ. ಹತ್ತಲು ಆಗುವಂಥದ್ದು ಇದೆ. ಅದು ಮೇಲೆ ಕೂರುವ ಕಯಾಕ್, ಸಿಟ್ ಆನ್ ಟಾಪ್ ಅನ್ನುತ್ತಾರೆ. ಒಡಲು ಮುಚ್ಚಿದ ಟೊಳ್ಳು, ನೀರು ತುಂಬುವುದಿಲ್ಲ. ನಾವು ಕೂರುವ ಜಾಗದಿಂದ ತಳದವರೆಗೆ ತೂತುಗಳಿರುತ್ತವೆ, ಮೇಲೆ ಬಿದ್ದ ನೀರು ಅದರಲ್ಲಿ ಇಳಿದುಹೋಗುತ್ತದೆ. ಸ್ವಲ್ಪ ಸೀಟು ಒದ್ದೆ ಆಗುತ್ತದೆ, ಆಗಲಿ.

ಇನ್ನು ಅಗಲ. ಕಯಾಕ್ ಒಂದು ಕಡೆ ವಾಲಿದಾಗ ಆ ಕಡೆಯ ಅಂಚು ನೀರೊಳಗೆ ಇಳಿಯುತ್ತದೆ, ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಆ ನೂಕು ನಿಮ್ಮಿಂದ ಎಷ್ಟು ದೂರ ಬೀಳುತ್ತದೋ ಅಷ್ಟು ಬಲವಾಗಿ ನಿಮ್ಮನ್ನು ನೆಟ್ಟಗೆ ಮಾಡುತ್ತದೆ. ಅದಕ್ಕೇ ಅಗಲ ಮುಖ್ಯ. ನಿಮಗೆ 31ರಿಂದ 34 ಇಂಚು ಸರಿ. 36 ದಾಟಿದರೆ ನಡುವೆ ಕೂತವರ ಕೈ ನೀರಿಗೆ ಎಟುಕಲು ಕಷ್ಟ, ಹುಟ್ಟು ಅಂಚಿಗೆ ಬಡಿಯುತ್ತಿರುತ್ತದೆ. ಉದ್ದ 10ರಿಂದ 12 ಅಡಿ ಇದ್ದರೆ ಕೆರೆಗೆ ಧಾರಾಳ ಸಾಕು. ಹುಟ್ಟು 240 ಸೆಂಟಿಮೀಟರ್ ತಗೊಳ್ಳಿ, ಎತ್ತರದ ಸೀಟಾದರೆ 250.

ಸೀಟಿನ ಎತ್ತರವನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. ಮಂಡಿ ನೋವಿದೆ ಅಂದಿರಿ, ಕುರ್ಚಿಯ ಥರ ಎತ್ತರದ ಸೀಟು ನಿಮಗೆ ಆಸೆ ಹುಟ್ಟಿಸುತ್ತದೆ. ಆದರೆ ಸೀಟು ನಾಲ್ಕು ಇಂಚು ಮೇಲೆ ಹೋದರೆ 88 ಕೆಜಿಯ ಬಹುಪಾಲು ನಾಲ್ಕು ಇಂಚು ಮೇಲೆ ಹೋದ ಹಾಗೆ. 30 ಇಂಚಿನ ಕಯಾಕಿನಲ್ಲಿ ಎತ್ತರದ ಸೀಟು ಹಾಕಿದರೆ ಅಗಲದಿಂದ ಬಂದ ಲಾಭ ಅಲ್ಲೇ ಹೋಯಿತು. ಮೇಲೆ, ಕೆಳಗೆ ಎರಡು ಎತ್ತರದಲ್ಲಿ ಇಡಬಹುದಾದ ಸೀಟು ಬರುತ್ತದೆ, ಅಂಥದ್ದು ನೋಡಿ. ಮೊದಲ ಎರಡು ತಿಂಗಳು ಕೆಳಗೇ ಇಟ್ಟುಕೊಳ್ಳಿ.

ತಳದ ಆಕಾರವನ್ನೂ ಮಗುಚಿ ನೋಡಿ. ಚಪ್ಪಟೆ ತಳ ಕೂತ ಕೂಡಲೇ ಕಲ್ಲಿನ ಹಾಗೆ ನಿಲ್ಲುತ್ತದೆ, ಆದರೆ ತಡೆದಷ್ಟು ತಡೆದು ಒಂದು ಹಂತ ದಾಟಿದ ಮೇಲೆ ಒಮ್ಮೆಲೇ ಹೋಗುತ್ತದೆ. ದುಂಡಗಿನದ್ದು ಮೊದಲಿನಿಂದಲೇ ಹೊಯ್ದಾಡುತ್ತದೆ, ಆದರೆ ಮುನ್ಸೂಚನೆ ಕೊಟ್ಟು ವಾಲುತ್ತದೆ. ಗಾಳ ಹಾಕುವವರಿಗೆ ಅಂತ ಮಾಡಿದ ಬಹಳಷ್ಟರಲ್ಲಿ ತಳದ ಎರಡು ಪಕ್ಕ ಉಬ್ಬಿ ನಡುವೆ ಕಾಲುವೆ ಥರ ತಗ್ಗಿರುತ್ತದೆ. ನಿಂತ ನೀರಿಗೆ ನನಗೆ ಅದೇ ಇಷ್ಟ.

ಸಿದ್ದನ ತೂಬು (ಸೂಳೆಕೆರೆ ಕಡೆ)

ಅಣ್ಣಾ, ನಮ್ಮದು ಮೀನು ಹಿಡಿಯುವ ಮನೆ. ಅಪ್ಪ ಇವತ್ತಿಗೂ ತೆಪ್ಪದಲ್ಲೇ ಹೋಗುತ್ತಾರೆ. ಕಯಾಕ್ ನಾನು ಓಡಿಸಿಲ್ಲ, ಕೆರೆಯ ಮಾತು ಮಾತ್ರ ಹೇಳುತ್ತೇನೆ.

ಸೂಳೆಕೆರೆ ಅಂದರೆ ಸುಮಾರು 6,500 ಎಕರೆ ನೀರು. ಎರಡು ಗುಡ್ಡದ ನಡುವಿನ ಕಂಡಿಗೆ ಏರಿ ಕಟ್ಟಿದ್ದಾರೆ. ಏರಿ ಮೇಲೆ ನಿಂತು ನೋಡಿದರೆ ತಣ್ಣಗೆ ಕಾಣುತ್ತದೆ, ಬಿಸಿಲು ಏರಿದ ಮೇಲೆ ನಡುನೀರಿನಲ್ಲಿ ಅಲೆ ಏಳುತ್ತದೆ. ಅಪ್ಪ ಬೆಳಗ್ಗೆ ಐದಕ್ಕೆ ಹೋಗಿ ಒಂಬತ್ತೂವರೆಗೆ ದಡ ಸೇರುತ್ತಾರೆ. ನೀವೂ ಹಾಗೇ ಮಾಡಿ.

ಬಲೆ ವಿಷಯ ಬಹಳ ಮುಖ್ಯ. ಸಂಜೆ ಬಿಟ್ಟ ಬಲೆ ಬೆಳಗ್ಗೆವರೆಗೂ ನೀರಲ್ಲೇ ಇರುತ್ತದೆ. ಖಾಲಿ ನೀರಿನ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತ ತಿಳಿಯಿರಿ. ಅದರ ಮೇಲೆ ಹಾಯಬೇಡಿ. ಕಯಾಕಿನ ತಳದ ರೆಕ್ಕೆ ಸಿಕ್ಕಿಕೊಂಡರೆ ನಿಮಗೂ ಅಪಾಯ, ನಮಗೆ ಒಂದು ದಿನದ ದುಡಿಮೆ ಹೋಯಿತು. ತೂಬಿನ ಹತ್ತಿರ ಅಂತೂ ಬರಲೇಬೇಡಿ. ಸಿದ್ದನ ತೂಬು, ಬಸವನ ತೂಬು, ಎರಡೂ ಕಡೆ. ನಾಲೆಗೆ ನೀರು ಬಿಟ್ಟಾಗ ಮೇಲೆ ಏನೂ ಗೊತ್ತಾಗುವುದಿಲ್ಲ, ಕೆಳಗೆ ಎಳೆಯುತ್ತಿರುತ್ತದೆ.

ಮತ್ತೆ, ಕೇಳಿ ಇಳಿಯಿರಿ. ಮೀನಿನ ಹಕ್ಕು ಹರಾಜಾಗಿರುತ್ತದೆ, ಇಲ್ಲವೇ ಸಂಘಕ್ಕೆ ಕೊಟ್ಟಿರುತ್ತಾರೆ. ಸಣ್ಣ ಕೆರೆಯಾದರೆ ಪಂಚಾಯ್ತಿಯಲ್ಲಿ, ದೊಡ್ಡದಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಗಾಳದಲ್ಲಿ ಎರಡು ಮೀನು ಹಿಡಿಯುವವರನ್ನು ನಮ್ಮವರು ಬೈಯುವುದಿಲ್ಲ, ಹೇಳದೆ ಬಂದರೆ ಬೇಸರ ಆಗುತ್ತದೆ ಅಷ್ಟೆ.

ತೆಪ್ಪದಲ್ಲಿ ಅಪ್ಪ ನನಗೆ ಕಲಿಸಿದ ಮೊದಲ ಪಾಠ, ಅಂಚಿಗೆ ಬರಬೇಡ, ಕುಕ್ಕರಗಾಲಲ್ಲಿ ನಡುವೆ ಕೂರು. ತೆಪ್ಪ ಅಷ್ಟು ಅಗಲ ಇದ್ದರೂ ಅದೇ ಮಾತು. ಮೇಲಿನ ಅಣ್ಣ ತಲೆ ಅಂಚು ದಾಟಿತು ಅಂದಿದ್ದು ಓದಿ ಅಪ್ಪನಿಗೂ ಹೇಳಿದೆ, "ಸರಿಯಾಗಿ ಹೇಳ್ಯಾನ" ಅಂದರು.

ಕೊಂಡಜ್ಜಿ ದಾರಿ (ದಾವಣಗೆರೆ)

ನಾನು ದೈಹಿಕ ಶಿಕ್ಷಣದ ಮೇಡಂ, ಮಕ್ಕಳಿಗೆ ಈಜು ಕಲಿಸುತ್ತೇನೆ. ನಿಮ್ಮ ಮಗಳ ಬಗ್ಗೆ ಎರಡು ಮಾತು ಸರ್.

ಜಾಕೆಟ್ ಅವಳದೇ ಆಗಿರಬೇಕು, ನಿಮ್ಮದರ ಸಣ್ಣ ಸೈಜು ಅಲ್ಲ. ಎಷ್ಟು ಕೆಜಿಯ ಮಗುವಿಗೆ ಅಂತ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ, 32 ಕೆಜಿ ಅದರೊಳಗೆ ಬರಬೇಕು. ತೊಡಿಸಿ ಎಲ್ಲ ಪಟ್ಟಿ ಬಿಗಿ ಮಾಡಿ, ಎರಡು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿವರೆಗೆ ಬಂದರೆ ಅದು ನೀರಿನಲ್ಲಿ ಕಳಚಿಹೋಗುತ್ತದೆ. ತೊಡೆ ಸಂದಿನಲ್ಲಿ ಹಾಯುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಸೀಟಿ ಒಂದು ಕಟ್ಟಿ. ಗಾಳಿಯಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಸೀಟಿ ಕೇಳಿಸುತ್ತದೆ.

ಎರಡನೆಯದು, ಮೊದಲ ದಿನ ಗಾಳ ಒಯ್ಯಬೇಡಿ. ಎದೆಮಟ್ಟದ ನೀರಿನಲ್ಲಿ ಬೇಕಂತಲೇ ಮಗುಚಿ. ಹತ್ತುವುದನ್ನು ಹೀಗೆ ಕಲಿಸುತ್ತೇನೆ: ಎರಡೂ ಕೈ ಕಯಾಕಿನ ಮೇಲೆ ಚಾಚಿ, ಮೊದಲು ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ತನ್ನಿ. ಕಾಲು ಕೆಳಗೆ ನೇತಾಡುತ್ತಿದ್ದರೆ ಎಷ್ಟು ತೋಳ್ಬಲ ಇದ್ದರೂ ಆಗುವುದಿಲ್ಲ. ಆಮೇಲೆ ಎಳೆದುಕೊಂಡು ಹೊಟ್ಟೆ ಅಡ್ಡ ಹಾಕಿ ಮಲಗಿ. ಅಲ್ಲಿ ಒಂದು ಉಸಿರು ನಿಲ್ಲಿ. ಹೊರಳಿ ಕುಂಡಿ ಸೀಟಿಗೆ ತನ್ನಿ. ಕೊನೆಗೆ ಕಾಲು ಒಳಗೆ. ಹೊಟ್ಟೆ, ಕುಂಡಿ, ಕಾಲು. ಮಕ್ಕಳು ಇದನ್ನು ಹಾಡಿನ ಥರ ಹೇಳಿಕೊಳ್ಳುತ್ತಾರೆ. ನಿಮ್ಮ ಮಗಳು ನಿಮಗಿಂತ ಬೇಗ ಕಲಿಯುತ್ತಾಳೆ, ಅವಳ ಮುಂದೆ ನೀವೂ ಕಲಿಯಿರಿ.

ನಿಮಗೆ ಶಿಸ್ತಿನಿಂದ ಕಲಿಯುವ ಮನಸ್ಸಿದ್ದರೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರು ಜಲಸಾಹಸ ತರಬೇತಿ ಮಾಡುತ್ತಾರೆ, ವಿಚಾರಿಸಿ.

ನವಿಲುಗರಿ ಬೆಂಡು

ಎಲ್ಲರಿಗೂ ಕೈಮುಗಿಯುತ್ತೇನೆ. 23 ಇಂಚಿನವರಿಗೆ ಬೇಡ ಅಂತ ಹೇಳಿದೆ. ಈಗ ಉಳಿದದ್ದು, ಗಾಳಿ ತುಂಬಿಸುವುದಾ, ಪ್ಲಾಸ್ಟಿಕ್ಕಾ? ಮೊದಲ ಮಹಡಿಗೆ ಹತ್ತು ಅಡಿಯ ಪ್ಲಾಸ್ಟಿಕ್ ಕಯಾಕ್ ಮೆಟ್ಟಿಲಲ್ಲಿ ತಿರುಗುವುದೇ ಇಲ್ಲ, ಅಳೆದು ನೋಡಿದೆ. ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ಅಂತ ಒಂದು ನೋಡಿದೆ. 3 ಅಡಿ ಅಗಲ, 10 ಅಡಿ 3 ಇಂಚು ಉದ್ದ, ಇಬ್ಬರಿಗೆ, 180 ಕೆಜಿ ಹೊರುತ್ತದೆ ಅಂತ ಬರೆದಿದೆ. ಮಡಚಿದರೆ ಡಿಕ್ಕಿಯಲ್ಲೇ ಹಿಡಿಯುತ್ತದೆ.

ಮಾರಿಕಣಿವೆ ಗಾಳಿ (ಹಿರಿಯೂರು)

ಮಗುಚುವ ಲೆಕ್ಕದಲ್ಲಿ ಮಾತ್ರ ನೋಡಿದರೆ ಗಾಳಿಯದ್ದು ಬಹಳ ಗಟ್ಟಿ. ಅಗಲ ಇದೆ, ಎರಡು ಪಕ್ಕವೂ ಗಾಳಿಯ ದಿಂಬು, ಕೂರುವುದು ತಗ್ಗಿನಲ್ಲಿ. ಮಗಳ ಜೊತೆ ತಿರುಗಾಡಲು ಹೇಳಿ ಮಾಡಿಸಿದ್ದು. ಆದರೆ ಹಗುರ ಇರುವುದರಿಂದ ಗಾಳಿ ಅದನ್ನು ಎಲೆಯ ಥರ ಒಯ್ಯುತ್ತದೆ. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಲ್ಲಿಸಿರುವುದು ಸುಮ್ನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಾರಿಕಣಿವೆಯಲ್ಲಿ ನನ್ನ 30 ಕೆಜಿಯ ಪ್ಲಾಸ್ಟಿಕ್ಕನ್ನೇ ನಾನು ಇಳಿಸುವುದಿಲ್ಲ.

ಇನ್ನೊಂದು, ಮುಳ್ಳು. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 130 ಅಡಿ ತುಂಬಿ ಕೋಡಿ ಬಿತ್ತು ನೋಡಿ, 1933 ಆದ ಮೇಲೆ ಅದೇ ಮೊದಲು. ಊರಿಗೆ ಊರೇ ಹೋಗಿ ಕೋಡಿ ನೋಡಿ ಕಣ್ಣು ತುಂಬಿಕೊಂಡಿತು. ನಮ್ಮಜ್ಜಿ ತನ್ನ ತಾಯಿಯ ಬಾಯಲ್ಲಿ ಕೇಳಿದ್ದನ್ನು ಕಣ್ಣಾರೆ ಕಂಡೆ ಅಂದಳು. ಆದರೆ ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಜಾಲಿ ಬೆಳೆದಿತ್ತು, ಅದೆಲ್ಲ ನೀರಿನ ಕೆಳಗೆ ಹೋಯಿತು. ನೀರು ಇಳಿದ ಹಾಗೆಲ್ಲ ಆ ಒಣಕೊಂಬೆ ಮೇಲ್ಮೈಗೆ ಒಂದು ಗೇಣು ಕೆಳಗೆ ಇರುತ್ತವೆ, ಕಾಣುವುದಿಲ್ಲ. ನನ್ನ ಗೆಳೆಯನ ಗಾಳಿ ಕಯಾಕಿನ ತಳ ಅಲ್ಲೇ ಹರಿದದ್ದು. ಪಕ್ಕದ ದಿಂಬುಗಳು ಬೇರೆ ಬೇರೆ ಇದ್ದುದರಿಂದ ತೇಲಿಕೊಂಡು ಬಂದ. ಗಾಳದ ಮೊನೆ, ಮೀನಿನ ಬೆನ್ನುಮುಳ್ಳು, ಚಾಕು, ಇವನ್ನೂ ಒಳಗೆ ಹುಷಾರಾಗಿ ಇಡಬೇಕು.

ಹೊರೆಯ ಲೆಕ್ಕ ಮಾಡಿ. ನೀವು 88, ಮಗಳು 32, ಸಾಮಾನು 15 ಅಂದುಕೊಳ್ಳಿ, 135. ಬರೆದಿರುವ ಅಂಕಿ ಮುಳುಗದೆ ತೇಲುವ ಕೊನೆ ಅಂತ ತಿಳಿಯಿರಿ, ಆರಾಮವಾಗಿ ಓಡುವ ಲೆಕ್ಕ ಅಲ್ಲ. ನಾನು ಮೂರರಲ್ಲಿ ಎರಡು ಪಾಲು ದಾಟಿಸುವುದಿಲ್ಲ. ಹಾಗೆ ನೋಡಿದರೆ ಇಬ್ಬರಿಗೆ 200 ಕೆಜಿಗಿಂತ ಸ್ವಲ್ಪ ಹೆಚ್ಚಿನದ್ದು ಬೇಕು. ಒಬ್ಬರೇ ಹೋಗುವುದಾದರೆ 155 ಸಾಕು.

ಚನ್ನಗಿರಿ ಕಡೆ ನೆಂಟರು ಯಾರಾದರೂ ಇದ್ದರೆ ಅವರ ಕಣದ ಮನೆಯಲ್ಲೋ ಕೊಟ್ಟಿಗೆಯಲ್ಲೋ ಪ್ಲಾಸ್ಟಿಕ್ಕಿನದ್ದು ಇಡಬಹುದಲ್ವಾ? ಕೆರೆಯ ಹತ್ತಿರವೇ ಇದ್ದರೆ ಕಾರಿನ ಮೇಲೆ ಹೊರುವ ರಗಳೆಯೂ ತಪ್ಪುತ್ತದೆ, ಸರಕು ಆಟೋದಲ್ಲಿ ಹಿಂದೆ ಕೆಂಪು ಬಟ್ಟೆ ಕಟ್ಟಿ ಒಯ್ಯಬಹುದು. ನೆರಳಲ್ಲಿಡಿ, ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾಗುತ್ತದೆ. ಒಂದೇ ಕಡೆ ಹಗ್ಗ ಬಿಗಿದು ನೇತು ಹಾಕಬೇಡಿ, ಬಿಸಿಲುಗಾಲದಲ್ಲಿ ತಳ ಒಳಕ್ಕೆ ಕುಸಿಯುತ್ತದೆ.

ಈ ಭಾನುವಾರ ಬನ್ನಿ, ನನ್ನ 32 ಇಂಚಿನದ್ದರಲ್ಲಿ ಕೂತು ನೋಡಿ. ಕೂರದೆ ದುಡ್ಡು ಕೊಡಬೇಡಿ.

ನವಿಲುಗರಿ ಬೆಂಡು

ಹೋಗಿ ಬಂದೆವು. ಬೆಳಗ್ಗೆ ಆರೂವರೆಗೆ ಹಿನ್ನೀರಿನಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಅಣ್ಣ ದಡದಲ್ಲಿ ಒಂದು ಗಂಟೆ ಹುಟ್ಟು ಹಿಡಿಯುವುದನ್ನೇ ಹೇಳಿಕೊಟ್ಟರು.

ಕೆಳಗಿನ ಸೀಟಿನಲ್ಲಿ ಕೂತು ಹಿಂದಕ್ಕೆ ತಿರುಗಿದೆ, ಏನೂ ಆಗಲಿಲ್ಲ. ಎಡಕ್ಕೆ ಬಗ್ಗಿ ಮೊಣಕೈವರೆಗೆ ಕೈ ನೀರಲ್ಲಿ ಅದ್ದಿದೆ. ಅಂಚು ಸ್ವಲ್ಪ ಇಳಿಯಿತು, ನಿಂತಿತು. ಆಮೇಲೆ ಅದೇ ಸೀಟನ್ನು ಮೇಲಿನ ಎತ್ತರಕ್ಕೆ ಏರಿಸಿ ಅದನ್ನೇ ಮಾಡಿದೆ. ಎದೆ ಝಲ್ ಅಂದಿತು. ಕಯಾಕ್ ಅದೇ, ಅಗಲ ಅದೇ. ನೀವು ಬರೆದದ್ದನ್ನು ಓದಿದಾಗ ಇಷ್ಟು ಅಂತ ಗೊತ್ತಾಗಿರಲಿಲ್ಲ.

ಆಮೇಲೆ ಎದೆಮಟ್ಟದ ನೀರಲ್ಲಿ ಮಗುಚಿದೆವು. ಮಗಳು ಎರಡನೇ ಸಲಕ್ಕೇ ಹತ್ತಿದಳು. ನನಗೆ ಐದು ಸಲ ಬೇಕಾಯಿತು, ಕಾಲು ಕೆಳಗೆ ನೇತಾಡುತ್ತಲೇ ಇತ್ತು. "ಕಾಲು ಬಡೀ ಅಪ್ಪಾ, ಹೊಟ್ಟೆ ಆಮೇಲೆ" ಅಂತ ಅವಳು ದಡದಿಂದ ಕೂಗುತ್ತಿದ್ದಳು. ಮೇಡಂ, ನಿಮ್ಮ ಮೂರು ಮಾತು ಅವಳಿಗೆ ಬಾಯಿಪಾಠ ಆಗಿದೆ.

ಪ್ಲಾಸ್ಟಿಕ್ ಅಂತಲೇ ತೀರ್ಮಾನ ಮಾಡಿದ್ದೇನೆ. ಚನ್ನಗಿರಿ ಹತ್ತಿರ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹುಲ್ಲು ಒಟ್ಟುವ ಚಪ್ಪರ ಇದೆ, ಇಡು ಅಂದಿದ್ದಾರೆ. ಹಳೆಯದೊಂದು ಸಿಕ್ಕಿದೆ. ಮೇಲೆ ಕೂರುವಂಥದ್ದು, 12 ಅಡಿ, 33 ಇಂಚು, 210 ಕೆಜಿ ಹೊರುವುದು, ಮುಂದೆ ಮಗುವಿಗೆ ಕೂರುವ ಜಾಗ ಇದೆ. 36 ಸಾವಿರ ಹೇಳುತ್ತಾರೆ. ನೋಡುವಾಗ ಏನೇನು ನೋಡಬೇಕು?

ಮಾರಿಕಣಿವೆ ಗಾಳಿ (ಹಿರಿಯೂರು)

ಮಗುಚಿ ಹಾಕಿ, ತಳದ ಹಿಂಭಾಗ ಸವೆದಿದೆಯಾ ನೋಡಿ. ಎಳೆದುಕೊಂಡು ಹೋಗುವವರ ಕೈಯಲ್ಲಿ ಇದ್ದದ್ದಾದರೆ ಅಲ್ಲೇ ತೆಳ್ಳಗಾಗಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುತ್ತದೆ. ಸೀಟಿನ ಕೆಳಗಿನ ತೂತುಗಳ ಸುತ್ತ ಬೆರಳಾಡಿಸಿ, ಕೂದಲೆಳೆ ಬಿರುಕೂ ಉಗುರಿಗೆ ಸಿಗುತ್ತದೆ. ಮುಚ್ಚಳ ತೆಗೆದು ಒಡಲೊಳಗೆ ಎರಡು ಬಕೆಟ್ ನೀರು ಹೊಯ್ಯಿರಿ, ಅಲ್ಲಾಡಿಸಿ ಅತ್ತಿತ್ತ ವಾಲಿಸಿ, ಹೊರಗೆ ಒಂದು ಹನಿ ಕಂಡರೂ ಬೇಡ. ಬಣ್ಣ ಒಂದು ಪಕ್ಕ ಮಾತ್ರ ಬೆಳ್ಳಗಾಗಿದ್ದರೆ ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದಿತ್ತು ಅಂತ ಅರ್ಥ, ಐದು ಸಾವಿರ ಇಳಿಸಿ ಕೇಳಿ.

ಇಷ್ಟು ದೊಡ್ಡದು ಒಬ್ಬರೇ ಎತ್ತಲು ಆಗುವುದಿಲ್ಲ, ಕೆಳಗೆ ಇಡುವ ಎರಡು ಚಕ್ರದ ಗಾಡಿ ಒಂದು ಮಾಡಿಸಿ. ನನ್ನದನ್ನು ಹಿರಿಯೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಸೈಕಲ್ ಚಕ್ರ ಹಾಕಿ ಮಾಡಿಸಿದ್ದು, ಅಳತೆ ಕಳಿಸುತ್ತೇನೆ.

ಸಿದ್ದನ ತೂಬು (ಸೂಳೆಕೆರೆ ಕಡೆ)

ಅಣ್ಣಾ, ತಂದ ಮೇಲೆ ಹೇಳಿ. ಮೊದಲ ದಿನ ಅಪ್ಪನ ತೆಪ್ಪ ಮುಂದೆ ಇರುತ್ತದೆ, ನೀವು ಹಿಂದೆ ಬನ್ನಿ. ಬಲೆ ಎಲ್ಲೆಲ್ಲಿ ಇದೆ ಅಂತ ಅವರೇ ತೋರಿಸುತ್ತಾರೆ.